ಬೆಳೆ ಹೋಯಿತು ಒಬ್ಬರದು, ಪರಿಹಾರ ಬಂತು ಇನ್ನೊಬ್ಬರಿಗೆ

ಡಿಸೆಂಬರ್ ಮೊದಲ ವಾರ. ಇಂಟರ್ನಲ್ಸ್ ಮುಗಿಸಿಕೊಂಡು ಕಲಬುರಗಿಯಿಂದ ಊರಿಗೆ ಹೋಗಿದ್ದೆ. ನಮ್ಮದು ಚಿತ್ತಾಪುರ ತಾಲ್ಲೂಕಿನಲ್ಲಿ, ಸನ್ನತಿಗೆ ಸಮೀಪದ ಭೀಮಾ ದಂಡೆಯ ಹಳ್ಳಿ. ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಫೋನು ರಿಂಗಾಯಿತು. ನಾವು ಲಾವಣಿಗೆ ಮಾಡುವ ನಾಲ್ಕು ಎಕರೆಯ ಮಾಲೀಕರು ಪುಣೆಯಿಂದ ಮಾತಾಡುತ್ತಿದ್ದರು. ಸ್ಪೀಕರ್ ಆನ್ ಇದ್ದುದರಿಂದ ಎಲ್ಲವೂ ಕೇಳಿಸುತ್ತಿತ್ತು.

‘ನನ್ನ ಅಕೌಂಟಿಗಿ ರೊಕ್ಕ ಜಮಾ ಆಗ್ಯಾದ. ಸರ್ಕಾರದ್ದು ಅಂತ ಮೆಸೇಜ್ ಬಂದದ. ಯಾವುದರದು ಅಂತ ನಿಮಗೇನರ ಗೊತ್ತದೇನು?’

‘ಅದು ಬೆಳಿ ಪರಿಹಾರದ್ದು ಇರಬೇಕ್ರಿ ಸಾವ್ಕಾರ್ರೇ. ಹೊಳಿ ಬಂದು ಹೊಲ ಮುಳುಗಿತ್ತಲ್ಲರಿ’ ಎಂದರು ಅಪ್ಪ.

‘ಹೌದೇನು? ನಮ್ಮ ಹೊಲಕ್ಕೂ ನೀರು ಬಂದಿತ್ತೇನು?’

ಮಾಲೀಕರು ಕೆಟ್ಟವರಲ್ಲ. ವಿಷಯ ತಿಳಿದ ಮೇಲೆ ಬಂದ ಹಣದಲ್ಲಿ ಅರ್ಧವನ್ನು ಮರುದಿನವೇ ಅಪ್ಪನಿಗೆ ಫೋನ್‌ಪೇ ಮಾಡಿದರು. ಅಪ್ಪನಿಗೆ ಅದೇ ದೊಡ್ಡ ಸಮಾಧಾನ. ನನಗೆ ಮಾತ್ರ ಆ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ತಮ್ಮ ಹೊಲ ಮುಳುಗಿದ್ದು ಗೊತ್ತೇ ಇಲ್ಲದವರಿಗೆ ಸರ್ಕಾರ ಬೆಳೆ ಪರಿಹಾರ ಕೊಟ್ಟಿತು. ಸೊಂಟಮಟ್ಟದ ನೀರಿನಲ್ಲಿ ನಿಂತು ತೊಗರಿ ಗಿಡ ಮುಟ್ಟಿ ನೋಡುತ್ತಿದ್ದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ‘ಪೂರಾ ರೊಕ್ಕ ಕೇಳಬೇಕಿತ್ತಲ್ಲಪ್ಪ’ ಎಂದೆ. ‘ಬರೋ ಯುಗಾದಿಗಿ ಹೊಲ ಬ್ಯಾರೇದವರಿಗಿ ಕೊಟ್ರ ಏನ್ ಮಾಡ್ತಿ?’ ಎಂದು ಅಪ್ಪ ತಟ್ಟೆ ಎತ್ತಿಕೊಂಡು ಎದ್ದರು.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ನನ್ನ ಸಹಪಾಠಿಗಳಲ್ಲಿ ಅನೇಕರ ಮನೆಯಲ್ಲಿ ಇದೇ ಮಾತು ನಡೆದಿದೆ.

ಹೊಳೆ ಬಂದ ಸೆಪ್ಟೆಂಬರ್

2025ರ ಮುಂಗಾರು ನಮ್ಮ ಭಾಗವನ್ನು ಎರಡು ಕಡೆಯಿಂದ ಹೊಡೆಯಿತು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಲ್ಲೇ ಸುರಿದ ಮಳೆಗೆ ಕಾಗಿಣಾ ತುಂಬಿ ಹರಿಯಿತು. ಚಿಂಚೋಳಿ, ಸೇಡಂ ಕಡೆಯ ಹೊಲಗಳಿಗೆ ನೀರು ನುಗ್ಗಿತು. ಮಳಖೇಡದ ಸೇತುವೆ ಮುಳುಗಿ ಸೇಡಂ–ಕಲಬುರಗಿ ಸಂಚಾರ ನಿಂತಿತು. ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಸೊಲ್ಲಾಪುರ ಭಾಗದಲ್ಲಿ ಭಾರಿ ಮಳೆಯಾಗಿ ಸೀನಾ ನದಿ ಉಕ್ಕಿತು, ಉಜನಿ ಜಲಾಶಯದಿಂದಲೂ ನೀರು ಬಿಟ್ಟರು. ಆ ನೀರೆಲ್ಲ ಭೀಮಾ ಮೂಲಕ ನಮ್ಮ ಹೊಲಗಳಿಗೆ ಬಂತು. ಐದು ವರ್ಷಗಳ ಹಿಂದೆ, 2020ರ ಅಕ್ಟೋಬರ್‌ನಲ್ಲೂ ಹೀಗೇ ಬಂದಿತ್ತು.

ನಮ್ಮ ಕಡೆಯ ಹೆಸರು ಬೆಳೆ ಗಣೇಶನ ಹಬ್ಬದ ಆಸುಪಾಸಿಗೆ ರಾಶಿಗೆ ಬರುತ್ತದೆ. ಅದೇ ಹೊತ್ತಿಗೆ ಮಳೆ ಹಿಡಿದರೆ ಕಾಯಿಯಲ್ಲೇ ಕಾಳು ಮೊಳಕೆಯೊಡೆಯುತ್ತದೆ. ತೊಗರಿಯ ಕಥೆ ಬೇರೆ. ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿವರೆಗೆ ಹೊಲದಲ್ಲಿ ನಿಲ್ಲಬೇಕು. ಕರಿಮಣ್ಣಿನಲ್ಲಿ ನಾಲ್ಕಾರು ದಿನ ನೀರು ನಿಂತರೆ ಬೇರು ಕೊಳೆಯುತ್ತದೆ. ಆದರೆ ನೀರು ಇಳಿದ ಕೂಡಲೇ ನೋಡಿದವರಿಗೆ ಗಿಡ ಹಸಿರಾಗಿಯೇ ಕಾಣುತ್ತದೆ. ಹದಿನೈದು ದಿನ ಬಿಟ್ಟು ಬಂದರೆ ಸಾಲುಸಾಲಾಗಿ ಒಣಗಿರುತ್ತದೆ. ಹಾನಿ ಎಷ್ಟು ಎಂಬುದು ಸಮೀಕ್ಷೆಗೆ ಯಾವ ದಿನ ಬಂದರು ಎಂಬುದರ ಮೇಲೂ ನಿಂತಿದೆ.

ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಜಿಲ್ಲೆಗಳ ವೈಮಾನಿಕ ಸಮೀಕ್ಷೆ ನಡೆಸಿದರು. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಸಿಗುವ ಮೊತ್ತಕ್ಕೆ ಹೆಕ್ಟೇರಿಗೆ 8,500 ರೂಪಾಯಿಯನ್ನು ರಾಜ್ಯ ಸರ್ಕಾರ ಹೆಚ್ಚುವರಿಯಾಗಿ ಕೊಡುತ್ತದೆ ಎಂದು ಘೋಷಿಸಿದರು. ಹಾಗಾಗಿ ಮಳೆಯಾಶ್ರಿತ ಬೆಳೆಗೆ 8,500 ಇದ್ದುದು 17,000 ಆಯಿತು. ನೀರಾವರಿ ಬೆಳೆಗೆ 17,000 ಇದ್ದುದು 25,500, ಬಹುವಾರ್ಷಿಕ ಬೆಳೆಗೆ 22,500 ಇದ್ದುದು 31,000 ಆಯಿತು.

ಗುಂಟೆಗೆ 86 ರೂಪಾಯಿ

ನಮ್ಮಲ್ಲಿ ಹೆಕ್ಟೇರ್ ಲೆಕ್ಕದಲ್ಲಿ ಯಾರೂ ಮಾತಾಡುವುದಿಲ್ಲ. ಎಕರೆ, ಗುಂಟೆಗೆ ಇಳಿಸಿ ನೋಡೋಣ. ಒಂದು ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ. 8,500 ರೂಪಾಯಿ ಎಂದರೆ ಎಕರೆಗೆ 3,440, ಗುಂಟೆಗೆ 86 ರೂಪಾಯಿ. ರಾಜ್ಯದ ಪಾಲು ಸೇರಿದ ಮೇಲೆ ಎಕರೆಗೆ 6,880. ಗರಿಷ್ಠ ಮಿತಿ ಎರಡು ಹೆಕ್ಟೇರ್, ಅಂದರೆ ಐದು ಎಕರೆಗೆ ಎರಡು ಗುಂಟೆ ಕಡಿಮೆ. ಬೆಳೆ ಕನಿಷ್ಠ ಶೇ 33ರಷ್ಟು ಹಾಳಾಗಿರಬೇಕು.

ಇನ್ನು ಖರ್ಚಿನ ಲೆಕ್ಕ. ನಾವು ಎಕರೆಗೆ ಎಂಟು ಸಾವಿರ ಲಾವಣಿ ಕೊಡುತ್ತೇವೆ, ಅದೂ ಯುಗಾದಿಗೆ ಮುಂಗಡ. ಬೀಜ, ಗೊಬ್ಬರ, ಎಡೆ ಹೊಡೆಯುವುದು, ಕಳೆ, ಎರಡು ಸಲದ ಔಷಧ ಸೇರಿ ಇನ್ನೊಂದು ಎಂಟೊಂಬತ್ತು ಸಾವಿರ. ಒಳ್ಳೆ ವರ್ಷದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ತೊಗರಿ ಬಂದರೆ, 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000ದಂತೆ 32,000 ರೂಪಾಯಿ. ಪರಿಹಾರ ಪೂರ್ತಿ ಕೈಗೆ ಬಂದರೂ ಅದು ಹಾಕಿದ ಖರ್ಚಿನ ಅರ್ಧವನ್ನೂ ಮುಟ್ಟುವುದಿಲ್ಲ.

ಆದ್ದರಿಂದ ದರ ಹೆಚ್ಚಿಸಿ ಎಂಬ ಕೂಗು ನ್ಯಾಯವಾದದ್ದೇ. ಇದೇ ಭೀಮಾ ನದಿಯ ಮೇಲ್ಭಾಗದ ಮಹಾರಾಷ್ಟ್ರ ಅದೇ ಅಕ್ಟೋಬರ್‌ನಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 18,500 ಘೋಷಿಸಿ, ಮಿತಿಯನ್ನು ಮೂರು ಹೆಕ್ಟೇರಿಗೆ ಏರಿಸಿತು. ಪಂಜಾಬ್ ಎಕರೆಗೇ 20,000 ಎಂದಿತು. ನಮ್ಮಲ್ಲೂ 2021ರ ಡಿಸೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಆಗಿನ 6,800ಕ್ಕೆ ಅಷ್ಟೇ ಮೊತ್ತ ಸೇರಿಸಿ 13,600 ಮಾಡಿತ್ತು. ಪ್ರತಿ ಪ್ರವಾಹದ ಬಳಿಕ ಸದನದಲ್ಲೂ ಟಿ.ವಿ.ಯಲ್ಲೂ ಈ ಅಂಕಿಗಳ ಜಗಳವೇ ನಡೆಯುತ್ತದೆ.

ಆದರೆ ಆ ಜಗಳದಲ್ಲಿ ಯಾರು ಗೆದ್ದರೂ ನಮ್ಮ ಅಪ್ಪನಿಗೆ ವ್ಯತ್ಯಾಸವಾಗುವುದಿಲ್ಲ. 17,000 ಇದ್ದುದು 34,000 ಆದರೂ ಅದು ಹೋಗುವುದು ಪುಣೆಯ ಖಾತೆಗೇ.

ಹೆಸರಿನಲ್ಲೇ ಉತ್ತರವಿದೆ

ನಾವು ‘ಬೆಳೆ ಪರಿಹಾರ’ ಎಂದು ಕರೆಯುವ ಹಣಕ್ಕೆ ಕೇಂದ್ರದ ನಿಯಮಾವಳಿಯಲ್ಲಿ ಇರುವ ಹೆಸರು ‘ಇನ್‌ಪುಟ್ ಸಬ್ಸಿಡಿ’. ಅಂದರೆ ಬೀಜ, ಗೊಬ್ಬರಕ್ಕೆ ನೆರವು. ಕಳೆದುಕೊಂಡ ಬೆಳೆಯ ಬೆಲೆ ತುಂಬಿಕೊಡುವ ಹಣವಲ್ಲ ಇದು. ಅದಕ್ಕೆ ಬೆಳೆ ವಿಮೆ ಬೇರೆ ಇದೆ. ಹೊಲ ಮತ್ತೆ ಬಿತ್ತಲು ರೈತನ ಕೈಯಲ್ಲಿ ಒಂದಿಷ್ಟು ಹಣವಿರಲಿ ಎಂಬುದು ಇದರ ಉದ್ದೇಶ. ಮೊತ್ತ ಇಷ್ಟು ಸಣ್ಣದಿರುವುದಕ್ಕೂ ಅದೇ ಕಾರಣ.

ಹಾಗಾದರೆ ಈ ಹಣ ಯಾರಿಗೆ ಹೋಗಬೇಕು? ಮುಂದಿನ ಬಿತ್ತನೆ ಯಾರು ಮಾಡುತ್ತಾರೋ ಅವರಿಗೆ. ಹಿಂಗಾರಿಗೆ ಜೋಳ, ಕಡಲೆ ಬೀಜ ತರಲು ಅಂಗಡಿಗೆ ಹೋಗುವವರು ನಮ್ಮ ಅಪ್ಪ, ಮಾಲೀಕರಲ್ಲ. ಕಾನೂನಿನ ಮನೆ ಬಾಗಿಲಿಗೆ ಹೋಗುವುದೇ ಬೇಡ, ನಿಯಮ ತನ್ನ ಉದ್ದೇಶವನ್ನು ತಾನೇ ಪಾಲಿಸಿದರೂ ಹಣ ಉಳುವವರ ಕೈಗೆ ಬರಬೇಕು.

ಒಂದರ ಹಿಂದೆ ಒಂದು ಐದು ಬಾಗಿಲು

ಹಣ ಖಾತೆಗೆ ಬರುವ ದಾರಿಯನ್ನು ಒಮ್ಮೆ ಬಿಡಿಸಿ ನೋಡಿದೆ. ಮೊದಲನೆಯದು ಪಹಣಿ: ‘ಭೂಮಿ’ ತಂತ್ರಾಂಶದಲ್ಲಿ ಹೊಲ ಯಾರ ಹೆಸರಿನಲ್ಲಿದೆ? ಎರಡನೆಯದು ‘ಫ್ರೂಟ್ಸ್’ ನೋಂದಣಿ: ಆ ಪಹಣಿದಾರರಿಗೆ ಎಫ್‌ಐಡಿ ಸಂಖ್ಯೆ ಇದೆಯೇ, ಅದಕ್ಕೆ ಎಲ್ಲ ಸರ್ವೆ ನಂಬರ್‌ಗಳೂ ಸೇರಿವೆಯೇ? ಮೂರನೆಯದು ಬೆಳೆ ಸಮೀಕ್ಷೆ: ಮೊಬೈಲ್ ಆ್ಯಪ್‌ನಲ್ಲಿ ಆ ಹೊಲದ ಮುಂದೆ ಯಾವ ಬೆಳೆ ದಾಖಲಾಗಿದೆ? ನಾಲ್ಕನೆಯದು ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆ: ಹಾನಿ ಶೇ 33 ದಾಟಿದೆಯೇ, ಅದು ‘ಪರಿಹಾರ’ ತಂತ್ರಾಂಶಕ್ಕೆ ಸರಿಯಾಗಿ ಏರಿದೆಯೇ? ಐದನೆಯದು ಬ್ಯಾಂಕ್: ಆಧಾರ್ ಜೋಡಣೆಯಾಗಿ ಎನ್‌ಪಿಸಿಐ ಮ್ಯಾಪಿಂಗ್ ಸಕ್ರಿಯವಾಗಿದೆಯೇ?

ಎಂಜಿನಿಯರಿಂಗ್ ಓದುವವರಿಗೆ ಇದು ಗೊತ್ತಿರುವ ಸರ್ಕ್ಯೂಟ್. ಇದು ಆ್ಯಂಡ್ ಗೇಟ್. ಐದರಲ್ಲಿ ನಾಲ್ಕು ‘ಒಂದು’ ಇದ್ದು ಒಂದು ‘ಸೊನ್ನೆ’ ಆದರೆ ಫಲಿತಾಂಶ ಸೊನ್ನೆ. ಒಂದೊಂದು ಹಂತವೂ ನೂರರಲ್ಲಿ ತೊಂಬತ್ತು ಸಲ ಸರಿಯಾಗಿ ನಡೆಯುತ್ತದೆ, ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ನಂಟಿಲ್ಲ ಎಂದು ಇಟ್ಟುಕೊಳ್ಳಿ. 0.9 ಅನ್ನು ಐದು ಸಲ ಗುಣಿಸಿದರೆ 0.59. ಹಂತ ಹಂತದಲ್ಲಿ ಶೇ 90 ಅಂಕ ಪಡೆದ ವ್ಯವಸ್ಥೆ ಕೊನೆಗೆ ನೂರಕ್ಕೆ ಐವತ್ತೊಂಬತ್ತು ಮಂದಿಯನ್ನಷ್ಟೇ ಮುಟ್ಟುತ್ತದೆ. ಇದು ನಾನು ಉದಾಹರಣೆಗೆ ಹಾಕಿದ ಲೆಕ್ಕ, ಜಿಲ್ಲೆಯ ಅಂಕಿಅಂಶವಲ್ಲ. ಪ್ರತಿ ಇಲಾಖೆಯೂ ‘ನಮ್ಮ ಕೆಲಸ ಬಹುತೇಕ ಮುಗಿದಿದೆ’ ಎಂದು ಹೇಳುತ್ತಿರುವಾಗಲೇ ಹಳ್ಳಿಯಲ್ಲಿ ಇಷ್ಟೊಂದು ಮಂದಿ ಹಣ ಬಂದಿಲ್ಲ ಎನ್ನುವುದು ಹೇಗೆ ಸಾಧ್ಯ ಎಂಬುದನ್ನು ಮಾತ್ರ ಅದು ತೋರಿಸುತ್ತದೆ.

ಹೀಗೆ ಹೊರಗುಳಿಯುವವರು ಯಾರು? ಮೊದಲನೆಯವರು ನಮ್ಮಂಥ ಲಾವಣಿದಾರರು, ಪಾಲಿಗೆ ಮಾಡುವವರು. ಮೊದಲ ಬಾಗಿಲಲ್ಲೇ ಅವರಿಗೆ ತಡೆ. ಎರಡನೆಯವರು ಸತ್ತವರ ಹೆಸರಿನಲ್ಲೇ ಪಹಣಿ ಉಳಿದಿರುವ ಮನೆಯವರು. ಮೂರನೆಯವರು ಬೆಳೆ ತಪ್ಪಾಗಿ ದಾಖಲಾದವರು. ಹೆಸರಿನ ಜತೆ ತೊಗರಿ ಅಕ್ಕಡಿ ಹಾಕಿದ ಹೊಲಕ್ಕೆ ಒಂದೇ ಬೆಳೆ ಬರೆದುಕೊಂಡು ಹೋದರೆ, ಇನ್ನೊಂದು ಬೆಳೆ ಕಾಗದದಲ್ಲಿ ಬೆಳೆಯಲೇ ಇಲ್ಲ. ಗಂಡ ತೀರಿಕೊಂಡು ಒಬ್ಬರೇ ಹೊಲ ನೋಡಿಕೊಳ್ಳುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಈ ಮೂರೂ ಗುಂಪಿಗೆ ಸೇರಿರುತ್ತಾರೆ.

ನಮ್ಮ ಮನೆಯ ತಪ್ಪು

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮಗೆ ಸ್ವಂತ ಹೊಲವೂ ಇದೆ, ಮೂರು ಎಕರೆ ಇಪ್ಪತ್ತು ಗುಂಟೆ. ಅದೂ ಮುಳುಗಿತ್ತು. ಹೆಕ್ಟೇರಿಗೆ 17,000ದಂತೆ ಅದಕ್ಕೆ ಸುಮಾರು 24,000 ರೂಪಾಯಿ ಬರಬೇಕಿತ್ತು. ಒಂದು ಪೈಸೆಯೂ ಬರಲಿಲ್ಲ. ಏಕೆಂದರೆ ಪಹಣಿ ಇನ್ನೂ ಮುತ್ಯಾನ ಹೆಸರಿನಲ್ಲಿದೆ. ಮುತ್ಯಾ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಈ ಹದಿನಾರು ವರ್ಷಗಳಲ್ಲಿ ಪೌತಿ ಖಾತೆ ಮಾಡಿಸಿಲ್ಲ.

ಅಪ್ಪನನ್ನು ಕೇಳಿದರೆ ಕಚೇರಿಗೆ ಅಲೆಯುವುದು ಯಾರು ಎನ್ನುತ್ತಾರೆ. ಅದೂ ನಿಜವೇ. ಮುತ್ಯಾ ಮನೆಯಲ್ಲೇ ತೀರಿಕೊಂಡರು, ಮರಣ ನೋಂದಣಿ ಆಗಿಲ್ಲ. ವರ್ಷ ದಾಟಿದ ಮೇಲೆ ನೋಂದಾಯಿಸಲು ದಂಡಾಧಿಕಾರಿಗಳ ಆದೇಶ ಬೇಕು. ಆಮೇಲೆ ವಂಶವೃಕ್ಷ, ವಾರಸುದಾರರೆಲ್ಲರ ಒಪ್ಪಿಗೆ. ಆದರೆ ನಿಜವಾದ ಅಳುಕು ಆ ಕೊನೆಯ ಮಾತಿನಲ್ಲಿದೆ. ನನಗೆ ಇಬ್ಬರು ಸೋದರತ್ತೆಯರು. ಒಬ್ಬರು ಸೊಲ್ಲಾಪುರದಲ್ಲಿ, ಇನ್ನೊಬ್ಬರು ಚಿಂಚೋಳಿ ಹತ್ತಿರದ ಹಳ್ಳಿಯಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ಸಹಿ ಕೇಳಲು ಹೋದರೆ ಪಾಲಿನ ಮಾತು ಬರುತ್ತದೆ ಎಂದು ಅಪ್ಪನೂ ಕಾಕಾನೂ ಆ ಕಾಗದವನ್ನೇ ಮುಟ್ಟಿಲ್ಲ. ತಂಗಿಯರ ಹೆಸರು ಬರಬಾರದೆಂದು ತಮ್ಮ ಹೆಸರೂ ಬರದಂತೆ ಮಾಡಿಕೊಂಡಿದ್ದಾರೆ. ಇದಕ್ಕೆ ಸರ್ಕಾರವನ್ನು ಬೈದು ಪ್ರಯೋಜನವಿಲ್ಲ.

2025ರಲ್ಲಿ ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನ ಶುರು ಮಾಡಿ, ಅಧಿಕಾರಿಗಳೇ ಮನೆ ಬಾಗಿಲಿಗೆ ಬಂದು ಖಾತೆ ಬದಲಿಸುತ್ತಾರೆ ಎಂದಿತು. ಒಳ್ಳೆಯ ಹೆಜ್ಜೆ. ಆದರೆ ಮನೆಯೊಳಗಿನ ಮಾತು ಮುಗಿಯದೆ ಬಾಗಿಲಿಗೆ ಬಂದವರು ಏನು ಮಾಡಲು ಸಾಧ್ಯ?

ಒಳ್ಳೆಯ ಕಾನೂನಿನ ಮರೆವು

ಲಾವಣಿದಾರರ ವಿಷಯಕ್ಕೆ ಬರೋಣ. ಅವರ ಹೆಸರು ದಾಖಲೆಯಲ್ಲಿ ಇಲ್ಲದಿರುವುದು ಯಾರದೋ ಆಲಸ್ಯದಿಂದ ಅಲ್ಲ, ಕಾನೂನಿನಿಂದ. ದೇವರಾಜ ಅರಸು ಅವರ ಕಾಲದ ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು, ಉಳುವವನೇ ಒಡೆಯನಾದ. ಕರ್ನಾಟಕದ ಲಕ್ಷಾಂತರ ಕುಟುಂಬಗಳ ಬದುಕು ಬದಲಿಸಿದ ಕಾನೂನು ಅದು. ಆ ದಿನದ ಬಳಿಕ, ಸೈನಿಕರು ಮತ್ತು ನಾವಿಕರಂಥ ಕೆಲವು ವಿನಾಯಿತಿ ಬಿಟ್ಟರೆ, ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತೆಯೇ ಇಲ್ಲ.

ಕಾಗದದಲ್ಲಿ ಗೇಣಿ ಇಲ್ಲ, ಹೊಲದಲ್ಲಿ ಇದೆ. ಓದಿದವರು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದರು. ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ರೈಲ್ವೆ ಕೆಲಸ ಹಿಡಿದವರು ಹೊಲ ಬೇರೆಯವರಿಗೆ ಕೊಟ್ಟರು. ಎಲ್ಲವೂ ಬಾಯಿಮಾತಿನ ಒಪ್ಪಂದ. ಬರೆದುಕೊಟ್ಟರೆ ನಾಳೆ ಹೊಲವೇ ಹೋದೀತು ಎಂಬ ಹೆದರಿಕೆ ಮಾಲೀಕರಿಗೆ. ಕೇಳಿದರೆ ಲಾವಣಿಯೇ ಹೋದೀತು ಎಂಬ ಹೆದರಿಕೆ ಉಳುವವರಿಗೆ. ಹೀಗಾಗಿ ನಮ್ಮ ಅಪ್ಪನಿಗೆ ಬೆಳೆ ಸಾಲ, ಬೆಳೆ ವಿಮೆ, ಪರಿಹಾರ ಮೂರೂ ಇಲ್ಲ. ಹೊಳೆ ಬಂದರೆ ಮಾತ್ರ ಪೂರ್ತಿ ನಷ್ಟ ಅವರದೇ.

ದಾಖಲೆ ಬೇಡವೇ?

‘ಪಹಣಿ ನೋಡದೆ ಕೊಟ್ಟರೆ ಯಾರು ಬೇಕಾದರೂ ಬಂದು ನಾನೇ ಉಳುತ್ತಿದ್ದೆ ಎನ್ನುತ್ತಾರೆ’ ಎಂಬ ವಾದವಿದೆ. ತಳ್ಳಿಹಾಕುವ ವಾದವಲ್ಲ ಇದು. ಚೆಕ್ಕಿನ ಕಾಲದಲ್ಲಿ ಪರಿಹಾರ ಕೈಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಈಗ ಮಧ್ಯವರ್ತಿ ಇಲ್ಲದೆ ನೇರವಾಗಿ ಖಾತೆಗೆ ಬರುತ್ತದೆ. ಆ ಲಾಭವನ್ನು ಬಿಡಬೇಕು ಎಂದು ನಾನು ಹೇಳುವುದಿಲ್ಲ. ದಾಖಲೆಯಲ್ಲಿ ಒಂದು ಕಾಲಂ ಕಡಿಮೆ ಇದೆ, ಅದನ್ನು ಸೇರಿಸಿ ಎಂದಷ್ಟೇ ಹೇಳುತ್ತೇನೆ.

ಸರ್ಕಾರ ಮನಸ್ಸು ಮಾಡಿದರೆ ನಿಯಮದ ಆಚೆಗೂ ಹೋಗಬಲ್ಲದು. ಕೇಂದ್ರದ ನಿಯಮದಲ್ಲಿ ಬರ, ಪ್ರವಾಹ, ಆಲಿಕಲ್ಲು, ಕೀಟಬಾಧೆಯಂಥ ಹನ್ನೆರಡು ವಿಪತ್ತುಗಳಿವೆ. ಬೆಳೆಗೆ ಬರುವ ರೋಗ ಆ ಪಟ್ಟಿಯಲ್ಲಿಲ್ಲ. ಆದರೂ 2022–23ರಲ್ಲಿ ನೆಟೆ ರೋಗಕ್ಕೆ ನಮ್ಮ ತೊಗರಿ ಒಣಗಿದಾಗ ರೈತರು ಬೀದಿಗಿಳಿದರು. ರಾಜ್ಯ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ವಿಶೇಷ ಪರಿಹಾರ ಘೋಷಿಸಬೇಕಾಯಿತು. ಪಟ್ಟಿಯಲ್ಲಿ ಇಲ್ಲದ ರೋಗಕ್ಕೆ ದಾರಿ ಸಿಕ್ಕಿತು. ಪಟ್ಟಿಯಲ್ಲಿ ಇಲ್ಲದ ಮನುಷ್ಯನಿಗೂ ಸಿಗಬೇಕಲ್ಲವೇ?

ತಡವಾಗಿ ಬರುವ ಹಣದ ಕಥೆಯೂ ಇದಕ್ಕೆ ಸೇರಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಮೊದಲ ಘೋಷಣೆ ಆದದ್ದು ಸೆಪ್ಟೆಂಬರ್‌ನಲ್ಲಿ. ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತೆಂದು ರೈತರಿಗೆ 2,000 ರೂಪಾಯಿವರೆಗೆ ಕೊಟ್ಟಿತು. ಕೇಂದ್ರದ ನೆರವಿಗಾಗಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಯಲ್ಲಿ. ಅಷ್ಟರಲ್ಲಿ ಹಿಂಗಾರು ಬಿತ್ತನೆಯೂ ಮುಗಿದಿತ್ತು, ರಾಶಿಯೂ ಮುಗಿದಿತ್ತು. ಬಿತ್ತನೆಗೆಂದು ಕೊಡುವ ಹಣ ಬಿತ್ತನೆ ಮುಗಿದ ಮೇಲೆ ಬಂದರೆ ಆ ನಡುವೆ ಬಡ್ಡಿ ಯಾರು ಕಟ್ಟುತ್ತಾರೆ? ಬ್ಯಾಂಕ್ ಸಾಲ ಸಿಗದ ಲಾವಣಿದಾರರು ಕೈಸಾಲ ತರುತ್ತಾರೆ, ತಿಂಗಳ ಬಡ್ಡಿಗೆ.

ಏನು ಮಾಡಬಹುದು?

ಆಂಧ್ರಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ ತಂದಿತು. ಉಳುವವರಿಗೆ ಹನ್ನೊಂದು ತಿಂಗಳ ಕಾರ್ಡ್ ಕೊಡುತ್ತಾರೆ. ಬೆಳೆಯ ಮೇಲೆ ಮಾತ್ರ ಹಕ್ಕು, ಭೂಮಿಯ ಮೇಲೆ ಇಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆ ಕಾರ್ಡಿನ ಮೇಲೆ ಸಾಲ, ವಿಮೆ, ಪರಿಹಾರ ಪಡೆಯಬಹುದು. ಅಲ್ಲೂ ತೊಡಕಿದೆ. ಮಾಲೀಕರ ಸಹಿ ಬೇಕೆಂಬ ಷರತ್ತಿನಿಂದ ಅನೇಕರಿಗೆ ಕಾರ್ಡ್ ಸಿಕ್ಕಿಲ್ಲ. ನೀತಿ ಆಯೋಗ ಕೂಡ 2016ರಲ್ಲೇ ಮಾದರಿ ಭೂ ಗೇಣಿ ಕಾಯ್ದೆಯನ್ನು ಮುಂದಿಟ್ಟಿದೆ. ಅಂದರೆ ದಾರಿಯೇ ಇಲ್ಲ ಎನ್ನುವಂತಿಲ್ಲ.

ಕಾಯ್ದೆ ಬದಲಾಗಲು ವರ್ಷಗಳು ಬೇಕು. ಅದಕ್ಕೂ ಮೊದಲು ಒಂದು ಸಣ್ಣ ಬದಲಾವಣೆ ಸಾಧ್ಯ. ಬೆಳೆ ಸಮೀಕ್ಷೆಗೆ ಬರುವವರು ಪ್ರತಿ ಹಂಗಾಮಿನಲ್ಲೂ ಹೊಲಕ್ಕೇ ಹೋಗಿ ಬೆಳೆಯ ಫೋಟೊ ತೆಗೆಯುತ್ತಾರೆ. ಅದೇ ಆ್ಯಪ್‌ನಲ್ಲಿ ‘ಈ ಹಂಗಾಮಿನ ಸಾಗುವಳಿದಾರ’ ಎಂಬ ಒಂದು ಕಾಲಂ ಇರಲಿ. ಭೂಮಿಯ ಹಕ್ಕಿಗೆ ಇದು ಸಾಕ್ಷಿಯಲ್ಲ ಎಂದು ಕಾನೂನಿನಲ್ಲೇ ಸ್ಪಷ್ಟವಾಗಿ ಬರೆಯಲಿ. ಪಂಚಾಯಿತಿಯವರೋ ಅಕ್ಕಪಕ್ಕದ ಹೊಲದವರೋ ದೃಢೀಕರಿಸಲಿ. ಇನ್‌ಪುಟ್ ಸಬ್ಸಿಡಿ ಆ ಹೆಸರಿಗೆ ಹೋಗಲಿ. ಭೂಮಿಗೇ ಹಾನಿಯಾದರೆ, ಹೂಳು ತುಂಬಿದರೆ, ಬದು ಒಡೆದರೆ ಅದರ ಪರಿಹಾರ ಮಾಲೀಕರಿಗೆ ಹೋಗಲಿ. ಇಬ್ಬರ ನಷ್ಟವೂ ಬೇರೆ ಬೇರೆ, ಲೆಕ್ಕವೂ ಬೇರೆ ಇರಲಿ.

ಇನ್ನೊಂದು ಕೆಲಸಕ್ಕೆ ತಂತ್ರಾಂಶವೂ ಬೇಡ. ಹಣ ಬಿಡುಗಡೆಗೆ ಮೊದಲು ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಬಿಟ್ಟುಹೋದ ಹೆಸರುಗಳನ್ನೂ ಕಾರಣ ಸಮೇತ ಓದಬೇಕು. ನೋಟಿಸ್ ಬೋರ್ಡಿಗೆ ಅಂಟಿಸಿದ್ದನ್ನು ಓದಲು ಬಾರದವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ.

ಇದು ಹೊಸ ಯೋಚನೆಯೇನಲ್ಲ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಅಶೋಕನ ಶಾಸನದ ಕಲ್ಲು ಸಿಕ್ಕಿದ್ದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದರಲ್ಲಿ ಏನಿದೆ ಎಂದು ಓದಿದವರು ಕಡಿಮೆ. ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡದಲ್ಲಿ ಮಾತ್ರ ಗೊತ್ತಿದ್ದ ಎರಡು ವಿಶೇಷ ಶಾಸನಗಳು ಆ ಕಲ್ಲಿನಲ್ಲಿವೆ. ಅವು ಅಧಿಕಾರಿಗಳಿಗೆ ಕೊಟ್ಟ ಆದೇಶಗಳು. ಆತುರ, ಸಿಟ್ಟು, ಸೋಮಾರಿತನ ಬಿಟ್ಟು ಪ್ರಜೆಗಳೊಂದಿಗೆ ನ್ಯಾಯವಾಗಿ ನಡೆದುಕೊಳ್ಳಬೇಕು ಎಂಬುದು ಅವುಗಳ ಸಾರ. ಈ ಆದೇಶವನ್ನು ತಿಷ್ಯ ನಕ್ಷತ್ರದ ದಿನ ಎಲ್ಲರೂ ಕೇಳುವಂತೆ ಓದಬೇಕು ಎಂದೂ ಅಲ್ಲಿದೆ. ಕಲ್ಲಿನಲ್ಲಿ ಕೆತ್ತಿಸಿದರೆ ಸಾಲದು, ಓದಿ ಹೇಳಬೇಕು ಎಂದು ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಅರಸನಿಗೆ ಅನಿಸಿತ್ತು. ಪೋರ್ಟಲ್‌ನಲ್ಲಿ ಹಾಕಿದರೆ ಸಾಕು ಎಂದು ನಮಗೆ ಏಕೆ ಅನಿಸಬೇಕು?

ನಮ್ಮ ಪಾಲಿನ ಕೆಲಸ

ಗೆಳೆಯರೇ, 2024ರಲ್ಲಿ ಗ್ರಾಮ ಆಡಳಿತಾಧಿಕಾರಿಯ 1,000 ಹುದ್ದೆಗಳಿಗೆ ಪರೀಕ್ಷೆ ಬರೆದವರು ನಮ್ಮಲ್ಲಿ ಎಷ್ಟು ಮಂದಿ! ಆ ಪರೀಕ್ಷೆಗಾಗಿ ಪಹಣಿ, ಪೋಡಿ, ಪೌತಿ ಎಂದು ಬಾಯಿಪಾಠ ಮಾಡಿದವರೂ ನಮ್ಮ ಮನೆಯ ಪಹಣಿ ನೋಡಿರುವುದಿಲ್ಲ. ನಾನೂ ಈ ಡಿಸೆಂಬರ್‌ವರೆಗೆ ನೋಡಿರಲಿಲ್ಲ. ಬೆಳೆ ಸಮೀಕ್ಷೆಗೆ ಊರಿನ ಯುವಕರನ್ನೇ ಖಾಸಗಿ ನಿವಾಸಿಗಳೆಂದು ತೆಗೆದುಕೊಳ್ಳುತ್ತಾರೆ, ತಾಕಿನ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಕಟ್ಟೆ ಮೇಲೆ ಕೂತು ಬೆಳೆ ಬರೆದರೆ ನಮಗೆ ನಾಲ್ಕು ಕಾಸು ಉಳಿಯಬಹುದು, ಯಾರದೋ ಮನೆಯ 24,000 ಹೋಗುತ್ತದೆ.

ಮುಂದಿನ ರಜೆಗೆ ಊರಿಗೆ ಹೋದಾಗ ನಾಲ್ಕು ಸಂಗತಿ ನೋಡಿ. ಪಹಣಿಯಲ್ಲಿ ಬದುಕಿರುವವರ ಹೆಸರಿದೆಯೇ? ಎಫ್‌ಐಡಿಗೆ ಎಲ್ಲ ಸರ್ವೆ ನಂಬರ್ ಸೇರಿವೆಯೇ? ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಿಮ್ಮ ಹೊಲಕ್ಕೆ ಬರೆದಿರುವ ಬೆಳೆ ಸರಿಯಾಗಿದೆಯೇ? ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯೇ? ನಿಮ್ಮ ಮನೆಯದು ಮುಗಿದ ಮೇಲೆ ಪಕ್ಕದ ಮನೆಯದನ್ನೂ ನೋಡಿ. ಇದಕ್ಕೆ ಬಿ.ಇ. ಬೇಕಿಲ್ಲ, ಒಂದು ಮೊಬೈಲ್ ಮತ್ತು ಅರ್ಧ ದಿನ ಸಾಕು. ಹೊಳೆ ಬಂದ ಮೇಲೆ ಮಾಡುವ ಕೆಲಸವಲ್ಲ ಇದು, ಮಿರಗಕ್ಕೂ ಮೊದಲು ಮುಗಿಯಬೇಕು.

ನಾನು ಸೊಲ್ಲಾಪುರದ ಅತ್ತೆಗೆ ಫೋನ್ ಮಾಡಿದೆ. ವಿಷಯವನ್ನೆಲ್ಲ ಕೇಳಿಸಿಕೊಂಡು, ‘ಸಹಿ ಹಾಕ್ತೀನಿ. ಆದ್ರ ನನ್ನ ಹೆಸರೂ ಪಹಣ್ಯಾಗ ಇರಬೇಕು’ ಎಂದರು. ಅದನ್ನು ಹೇಳಿದಾಗ ಅಪ್ಪ ಎರಡು ದಿನ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ಈ ಲೇಖನ ಬರೆಯುತ್ತೇನೆ ಎಂದಾಗಲೂ, ‘ಬರಿ, ಆದ್ರ ಸಾವ್ಕಾರ್ರ ಹೆಸರು ಬರೀಬ್ಯಾಡ’ ಎಂದಷ್ಟೇ ಹೇಳಿದರು. ಮೂರನೇ ದಿನ ಬೆಳಿಗ್ಗೆ ನಾನು ಕಲಬುರಗಿ ಬಸ್ಸಿಗೆ ಹೊರಟು ನಿಂತಾಗ ಅಪ್ಪ ಮುತ್ಯಾನ ಟ್ರಂಕು ತೆಗೆದು ಅಂಗಳದಲ್ಲಿ ಕಾಗದ ಹರಡಿಕೊಂಡು ಕೂತಿದ್ದರು. ‘ವಂಶವೃಕ್ಷಕ್ಕ ಏನೇನು ಬೇಕಂತ ನೋಡಿ ಹೇಳು’ ಎಂದರು. ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದೆ.